ನೂರು ಪ್ಯಾಕೆಟ್ ಹಿಟ್ಟಿನ ಪರೀಕ್ಷೆ

ಬೆಂಗಳೂರಿನ ತಿಪ್ಪಸಂದ್ರದ ಪುಟ್ಟ ಕೋಣೆಯೊಂದರಲ್ಲಿ 2005ರಲ್ಲಿ ದೋಸೆ ಹಿಟ್ಟು ರುಬ್ಬುವ ಕೆಲಸ ಶುರುವಾಯಿತು. ಕೇರಳದ ವಯನಾಡು ಮೂಲದ ಸೋದರ ಸಂಬಂಧಿಗಳು ನಗರದಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದರು. ಪ್ಲಾಸ್ಟಿಕ್ ಚೀಲಕ್ಕೆ ಹಿಟ್ಟು ತುಂಬಿ, ಬಾಯಿಗೆ ರಬ್ಬರ್ ಬ್ಯಾಂಡ್ ಬಿಗಿದು ಅಂಗಡಿಗಳಲ್ಲಿ ಮಾರುವುದನ್ನು ಅವರು ನೋಡಿದ್ದರು. ಆ ಹಿಟ್ಟಿನ ಗುಣಮಟ್ಟದ ಬಗ್ಗೆ ಗಿರಾಕಿಗಳು ಗೊಣಗುವುದನ್ನೂ ಕೇಳಿದ್ದರು. ಇದನ್ನೇ ಶುಚಿಯಾಗಿ, ದಿನವೂ ಒಂದೇ ಹದದಲ್ಲಿ ಮಾಡಿ ಮಾರಿದರೆ ಹೇಗೆ ಎಂಬ ಪ್ರಶ್ನೆ ಎಂಜಿನಿಯರಿಂಗ್ ಓದಿ, ವಿದೇಶದಲ್ಲಿ ದುಡಿದು ಬಂದಿದ್ದ ಪಿ.ಸಿ. ಮುಸ್ತಫಾ ಅವರ ಮುಂದೆ ಬಂತು. ಅವರು ಸಣ್ಣ ಮೊತ್ತ ಹೂಡಲು ಒಪ್ಪಿದರು, ಜೊತೆಗೆ ಒಂದು ಷರತ್ತನ್ನೂ ಇಟ್ಟರು. ಸುತ್ತಮುತ್ತಲ 20 ಅಂಗಡಿಗಳಲ್ಲಿ ಮಾರಬೇಕು. ಆರು ತಿಂಗಳಲ್ಲಿ ದಿನಕ್ಕೆ 100 ಪ್ಯಾಕೆಟ್ ಮುಟ್ಟಿದರೆ ಮಾತ್ರ ಮುಂದಿನ ದುಡ್ಡು.

ಆರು ತಿಂಗಳು ಸಾಲಲಿಲ್ಲ. ಒಂಬತ್ತು ತಿಂಗಳು ಬೇಕಾಯಿತು.

ಇಂದು ಐಡಿ ಫ್ರೆಶ್ ಫುಡ್ ಎಂಬ ಹೆಸರಿನಲ್ಲಿ ದೇಶದ ಹಲವು ನಗರಗಳಲ್ಲೂ ಕೊಲ್ಲಿ ದೇಶಗಳಲ್ಲೂ ಸಿಗುವ ಹಿಟ್ಟಿನ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ನೂರಾರು ಕೋಟಿಯ ವಹಿವಾಟಿನಿಂದ ಆರಂಭಿಸುತ್ತಾರೆ. ಹೊಸದಾಗಿ ಕಂಪನಿ ಕಟ್ಟಲು ಹೊರಟವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಆ ಒಂಬತ್ತು ತಿಂಗಳು. ಹಿಟ್ಟು ಹುದುಗುತ್ತಲೇ ಇರುವ ಸರಕು. ಹೆಚ್ಚು ಮಾಡಿದರೆ ಉಳಿದದ್ದು ಹುಳಿಯಾಗಿ ವಾಪಸಾಗುತ್ತದೆ, ಕಡಿಮೆ ಮಾಡಿದರೆ ಬಂದ ಗಿರಾಕಿ ಬರಿಗೈಯಲ್ಲಿ ಹೋಗುತ್ತಾರೆ. ಮನೆಯಲ್ಲೇ ರುಬ್ಬುವ ಅಭ್ಯಾಸವಿರುವ ಊರಿನಲ್ಲಿ ಹಿಟ್ಟಿಗೆ ಕಾಸು ಕೊಡುವವರು ಯಾರು, ಒಮ್ಮೆ ಕೊಂಡವರು ಮತ್ತೆ ಬರುತ್ತಾರೆಯೇ, ಅಂಗಡಿಯವರು ಫ್ರಿಜ್ಜಿನಲ್ಲಿ ಜಾಗ ಕೊಡುತ್ತಾರೆಯೇ? ಇಂಥ ಪ್ರಶ್ನೆಗಳಿಗೆ ಕುಳಿತಲ್ಲೇ ಉತ್ತರ ಸಿಗುವುದಿಲ್ಲ. 20 ಅಂಗಡಿಗಳಲ್ಲಿ ಸಿಗುತ್ತದೆ. ಅದೂ ತಪ್ಪಿದರೆ ಮುಳುಗಿಹೋಗದಷ್ಟು ಸಣ್ಣ ಖರ್ಚಿನಲ್ಲಿ.

ಹೀಲಿಯನ್ ಎಂಬ ಹೂಡಿಕೆ ಸಂಸ್ಥೆ ಈ ಕಂಪನಿಗೆ 35 ಕೋಟಿ ರೂಪಾಯಿ ಹಾಕಿದ್ದು 2014ರಲ್ಲಿ, ಅಂದರೆ ಮೊದಲ ರುಬ್ಬಿನ ಒಂಬತ್ತು ವರ್ಷಗಳ ನಂತರ.

ತಿಪ್ಪಸಂದ್ರದವರು ಮಾಡಿದ್ದಕ್ಕೆ ಆಗ ಯಾರೂ ಸಿದ್ಧಾಂತದ ಹೆಸರಿಟ್ಟಿರಲಿಲ್ಲ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ಅದೇ ವಿಚಾರವನ್ನು ಒಂದು ವಿಧಾನವಾಗಿ ರೂಪಿಸುತ್ತಿದ್ದರು. ಈಗ ಜಗತ್ತು ಅದನ್ನು ಲೀನ್ ಸ್ಟಾರ್ಟಪ್ ಎಂದು ಕರೆಯುತ್ತದೆ. ನಮ್ಮಲ್ಲಿ ಈ ವಿಧಾನವನ್ನು ಕಡಿಮೆ ಖರ್ಚಿನ ವ್ಯಾಪಾರ ಎಂದು ತಿಳಿದವರು ಬಹಳ. ಕಚೇರಿ ಬಾಡಿಗೆ ಉಳಿಸುವುದು, ಇಬ್ಬರ ಕೆಲಸ ಒಬ್ಬರಿಂದ ಮಾಡಿಸುವುದು ಲೀನ್ ಅಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಎಂದುಕೊಂಡು ವರ್ಷಗಟ್ಟಲೆ ದುಡಿಯುವುದನ್ನು ತಪ್ಪಿಸುವುದು ಅದರ ಗುರಿ.

ಬೇರು ಇನ್ನೂ ಹಿಂದಕ್ಕೆ, ಜಪಾನಿಗೆ ಹೋಗುತ್ತದೆ. ಎರಡನೇ ಮಹಾಯುದ್ಧದ ನಂತರ ಟೊಯೊಟಾ ಕಂಪನಿಯ ಬಳಿ ಅಮೆರಿಕದ ಕಾರು ಕಂಪನಿಗಳಂತೆ ರಾಶಿ ರಾಶಿ ಬಿಡಿಭಾಗ ಮಾಡಿ ಗೋದಾಮು ತುಂಬಿಸುವಷ್ಟು ಹಣವಿರಲಿಲ್ಲ. ಅಲ್ಲಿನ ಎಂಜಿನಿಯರ್ ತೈಚಿ ಓನೊ ಬೇಕಾದಷ್ಟನ್ನು ಬೇಕಾದಾಗ ಮಾತ್ರ ತಯಾರಿಸುವ ಪದ್ಧತಿ ಕಟ್ಟಿದರು. 1956ರಲ್ಲಿ ಅಮೆರಿಕಕ್ಕೆ ಹೋದಾಗ ಅವರ ಗಮನ ಸೆಳೆದದ್ದು ಕಾರು ಕಾರ್ಖಾನೆಗಳಿಗಿಂತ ಸೂಪರ್ ಮಾರ್ಕೆಟ್‌ಗಳು: ಗ್ರಾಹಕ ಎತ್ತಿಕೊಂಡಷ್ಟೇ ಸಾಮಾನು ಮತ್ತೆ ಶೆಲ್ಫಿಗೆ ಬರುತ್ತಿತ್ತು. ಸಣ್ಣ ಸಣ್ಣ ಕಂತುಗಳಲ್ಲಿ ತಯಾರಿಸಿದಾಗ ಇನ್ನೊಂದು ಲಾಭವೂ ಕಾಣಿಸಿತು. ಬಾಗಿಲಿನ ಅಚ್ಚಿನಲ್ಲಿ ದೋಷವಿದ್ದರೆ ಹತ್ತನೇ ಬಾಗಿಲಿಗೇ ಗೊತ್ತಾಗುತ್ತದೆ, ಹತ್ತು ಸಾವಿರ ಬಾಗಿಲು ಗೋದಾಮು ಸೇರುವ ತನಕ ಕಾಯಬೇಕಿಲ್ಲ. ಈ ಪದ್ಧತಿಗೆ 1988ರಲ್ಲಿ ಲೀನ್ ಎಂಬ ಹೆಸರು ಕೊಟ್ಟವರು ಜಾನ್ ಕ್ರಾಫ್ಸಿಕ್. 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಕಂಪನಿಯೊಂದಿಗೆ ಅದು ಬಿಡದಿಗೂ ಬಂತು.

ಕಾರ್ಖಾನೆಯಲ್ಲಿ ಏನು ಮಾಡಬೇಕೆಂಬುದು ಮೊದಲೇ ತಿಳಿದಿರುತ್ತದೆ. ಸ್ಟಾರ್ಟಪ್‌ನಲ್ಲಿ ಅದೇ ತಿಳಿದಿರುವುದಿಲ್ಲ. ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಹಿಡಿದವರು ಸಿಲಿಕಾನ್ ವ್ಯಾಲಿಯ ಹಳೆಯ ಉದ್ಯಮಿ ಸ್ಟೀವ್ ಬ್ಲಾಂಕ್. ತಾವು ಕಟ್ಟಿದ ವಿಡಿಯೊ ಗೇಮ್ ಕಂಪನಿ ನೆಲಕಚ್ಚಿದ್ದನ್ನು ಕಂಡವರು ಅವರು. ಕಂಪನಿಗಳು ಸಾಯುವುದು ಸಾಮಾನು ತಯಾರಿಸಲಾಗದೆ ಅಲ್ಲ, ಕೊಳ್ಳುವವರಿಲ್ಲದೆ ಎಂಬ ತೀರ್ಮಾನಕ್ಕೆ ಅವರು ಬಂದರು. ಕಚೇರಿ ಬಿಟ್ಟು ಹೊರಗೆ ಹೋಗಿ ಗ್ರಾಹಕರೊಡನೆ ಮಾತಾಡಿ ಎಂಬುದು ಅವರು ವಿದ್ಯಾರ್ಥಿಗಳಿಗೆ ಬಿಡದೆ ಹೇಳುವ ಮಾತು. 2005ರ ತಮ್ಮ ಪುಸ್ತಕದಲ್ಲಿ ಅವರು ಬಿಡಿಸಿ ತೋರಿಸಿದ ದೊಡ್ಡ ಸೋಲು ವೆಬ್‌ವ್ಯಾನ್ ಎಂಬ ದಿನಸಿ ಕಂಪನಿಯದು. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತ ಮನೆಗೆ ದಿನಸಿ ತಲುಪಿಸಲು ಹೊರಟ ಆ ಕಂಪನಿ, ಮೊದಲ ನಗರದಲ್ಲೇ ಲೆಕ್ಕ ಕೂಡಿಬರುತ್ತದೆಯೇ ಎಂದು ತಿಳಿಯುವ ಮೊದಲೇ, ದೇಶದುದ್ದಕ್ಕೂ ಯಂತ್ರಚಾಲಿತ ಗೋದಾಮು ಕಟ್ಟಲು ಬೆಕ್ಟೆಲ್ ಕಂಪನಿಯೊಂದಿಗೆ 100 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. 2001ರ ಜುಲೈಯಲ್ಲಿ ದಿವಾಳಿಯಾಯಿತು. ಮನೆಬಾಗಿಲಿಗೆ ದಿನಸಿ ಎಂಬ ಯೋಚನೆ ಕೆಟ್ಟದಾಗಿರಲಿಲ್ಲ. ಇವತ್ತು ಬೆಂಗಳೂರಿನ ಯಾವ ರಸ್ತೆಯಲ್ಲಿ ನಿಂತರೂ ಅದು ಕಾಣುತ್ತದೆ. ಕೆಟ್ಟದ್ದು ಅನುಕ್ರಮ.

ಬ್ಲಾಂಕ್ 2004ರಲ್ಲಿ ಐಎಂವಿಯು ಎಂಬ ಹೊಸ ಕಂಪನಿಗೆ ಹಣ ಹಾಕುವಾಗ, ಅದರ ಸ್ಥಾಪಕರು ಬರ್ಕ್ಲಿಯಲ್ಲಿ ತಮ್ಮ ತರಗತಿಗೆ ಬಂದು ಕೂರಬೇಕೆಂದು ಷರತ್ತು ಹಾಕಿದ್ದರು. ಹಾಗೆ ಕೂತವರಲ್ಲಿ ಒಬ್ಬರು ಎರಿಕ್ ರೀಸ್. ಪರದೆಯ ಮೇಲೆ ಮೂರು ಆಯಾಮದ ಗೊಂಬೆಯ ರೂಪ ತಾಳಿ ಗೆಳೆಯರೊಡನೆ ಹರಟುವ ತಂತ್ರಾಂಶ ಅವರದು. ಜನರು ಈಗಾಗಲೇ ಬಳಸುತ್ತಿದ್ದ ಮೆಸೇಜಿಂಗ್ ಸೇವೆಗಳಿಗೆ ಅದನ್ನು ಜೋಡಿಸಲು ರೀಸ್ ಆರು ತಿಂಗಳು ಹಗಲಿರುಳು ಕೋಡ್ ಬರೆದರು. ಬಿಡುಗಡೆಯಾದಾಗ ಯಾರೂ ಅದನ್ನು ಡೌನ್‌ಲೋಡ್ ಮಾಡಿಕೊಳ್ಳಲಿಲ್ಲ. ಕೊನೆಗೆ ಬಳಕೆದಾರರನ್ನು ಎದುರಿಗೆ ಕೂರಿಸಿಕೊಂಡು ನೋಡಿದಾಗ ಕಾರಣ ತಿಳಿಯಿತು. ವಿಚಿತ್ರವಾದ ಹೊಸ ತಂತ್ರಾಂಶಕ್ಕೆ ತಮ್ಮ ಗೆಳೆಯರನ್ನು ಕರೆತರಲು ಅವರಿಗೆ ಮುಜುಗರ. ಆದರೆ ಅಲ್ಲಿ ಹೊಸ ಗೆಳೆಯರು ಸಿಗುವುದಾದರೆ ಸಂತೋಷ. ರೀಸ್ ಬರೆದ ಸಾವಿರಾರು ಸಾಲು ಕೋಡ್ ಕಸವಾಯಿತು. ಈ ಮಾತು ಮೊದಲ ವಾರದಲ್ಲೇ ತಿಳಿಯುವಂತಿದ್ದರೆ ಎಂಬ ಕೊರಗಿನಿಂದ 2011ರ ಅವರ ಪುಸ್ತಕ ಹುಟ್ಟಿತು.

ಐಎಂವಿಯು ಕಥೆಯ ಇನ್ನೊಂದು ಭಾಗ ಅಂಕಿಗಳದ್ದು, ಮತ್ತು ಅದು ಹೆಚ್ಚು ಬೆಲೆಬಾಳುವಂಥದ್ದು. ಅವರು ದಿನಕ್ಕೆ 5 ಡಾಲರ್ ಗೂಗಲ್ ಜಾಹೀರಾತಿಗೆ ಇಟ್ಟಿದ್ದರು. ಒಂದು ಕ್ಲಿಕ್ಕಿಗೆ 5 ಸೆಂಟ್, ಹಾಗಾಗಿ ದಿನಕ್ಕೆ 100 ಹೊಸಬರು. ಪ್ರತಿದಿನ ಬಂದ ಆ ನೂರು ಮಂದಿಯಲ್ಲಿ ಎಷ್ಟು ಜನ ಹೆಸರು ನೋಂದಾಯಿಸಿದರು, ಎಷ್ಟು ಜನ ಮಾತಾಡಿದರು, ಎಷ್ಟು ಜನ ಹಣ ಕೊಟ್ಟರು ಎಂದು ಗುಂಪು ಗುಂಪಾಗಿ ನೋಡುತ್ತಿದ್ದರು. ತಿಂಗಳುಗಟ್ಟಲೆ ಹೊಸ ಹೊಸ ಸೌಲಭ್ಯ ಸೇರಿಸಿದರೂ ಹಣ ಕೊಡುವವರು ನೂರಕ್ಕೆ ಸುಮಾರು ಒಬ್ಬರೇ. ಒಟ್ಟು ಬಳಕೆದಾರರ ಸಂಖ್ಯೆ ಏರುತ್ತಲೇ ಇತ್ತು. ಅದನ್ನಷ್ಟೇ ನೋಡಿದ್ದರೆ ಕಂಪನಿ ಚೆನ್ನಾಗಿದೆ ಎಂದು ಎಲ್ಲರೂ ನಂಬುತ್ತಿದ್ದರು.

ಇದನ್ನು ನಮ್ಮ ಊರಿಗೆ ತಂದು ನೋಡೋಣ. ಹುಬ್ಬಳ್ಳಿಯಲ್ಲಿ ಒಬ್ಬರು ಕಚೇರಿಗಳಿಗೆ ಊಟದ ಡಬ್ಬಿ ಕಳಿಸುವ ಸೇವೆ ಆರಂಭಿಸಿದ್ದಾರೆ ಎಂದಿಟ್ಟುಕೊಳ್ಳಿ. ಜನವರಿಯಲ್ಲಿ 100 ಹೊಸ ಗ್ರಾಹಕರು, ಫೆಬ್ರುವರಿಯಲ್ಲಿ 200, ಮಾರ್ಚ್‌ನಲ್ಲಿ 400. ಒಟ್ಟು 700 ಎಂದು ಹೂಡಿಕೆದಾರರ ಮುಂದೆ ತೋರಿಸುವ ನಕ್ಷೆ ಸೊಗಸಾಗಿ ಮೇಲೇರುತ್ತದೆ. ಈಗ ಜನವರಿಯ ನೂರು ಮಂದಿಯನ್ನು ಮಾತ್ರ ಬೇರೆ ಮಾಡಿ. ಅವರಲ್ಲಿ ಮಾರ್ಚ್‌ನಲ್ಲೂ ಡಬ್ಬಿ ತರಿಸುತ್ತಿರುವವರು 60 ಜನರಾದರೆ ಅಲ್ಲೊಂದು ವ್ಯಾಪಾರವಿದೆ. ಆರೇ ಜನರಾದರೆ ಏಪ್ರಿಲ್‌ನಲ್ಲಿ ಜಾಹೀರಾತು ನಿಲ್ಲಿಸಿದ ದಿನ ಎಲ್ಲವೂ ನಿಲ್ಲುತ್ತದೆ. ಡೌನ್‌ಲೋಡ್, ಲೈಕ್, ಪತ್ರಿಕೆಯಲ್ಲಿ ಬಂದ ಫೋಟೊ ಇವೆಲ್ಲ ಒಟ್ಟು ಸಂಖ್ಯೆಯ ಜಾತಿಗೆ ಸೇರಿದವು. ಅವು ಕೆಳಗಿಳಿಯುವುದೇ ಇಲ್ಲವಾದ್ದರಿಂದ ಏನನ್ನೂ ಕಲಿಸುವುದಿಲ್ಲ.

ಕಲಿತದ್ದಕ್ಕೆ ತಕ್ಕಂತೆ ದಾರಿ ಬದಲಿಸುವುದಕ್ಕೆ ಸ್ಟಾರ್ಟಪ್ ಮಂದಿ ಪಿವೊಟ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ಇದಕ್ಕೆ ರೆಡ್‌ಬಸ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 2005ರ ದೀಪಾವಳಿಗೆ ಊರಿಗೆ ಹೋಗಲು ಹೈದರಾಬಾದ್ ಬಸ್ಸಿನ ಟಿಕೆಟ್ ಸಿಗದೆ ಎಂಜಿನಿಯರ್ ಫಣೀಂದ್ರ ಸಾಮ ಇಲ್ಲೇ ಉಳಿಯಬೇಕಾಯಿತು. ಒಬ್ಬ ಏಜೆಂಟನ ಬಳಿ ಟಿಕೆಟ್ ಇಲ್ಲ, ಇನ್ನೊಬ್ಬನ ಬಳಿ ಇದೆಯೇ ಎಂದು ತಿಳಿಯುವ ದಾರಿಯೂ ಇಲ್ಲ. ಬಿಟ್ಸ್ ಪಿಲಾನಿಯ ಗೆಳೆಯರಾದ ಸುಧಾಕರ್ ಪಸುಪುನೂರಿ ಮತ್ತು ಚರಣ್ ಪದ್ಮರಾಜು ಜೊತೆಗೂಡಿದರು. ಮೂವರೂ ತಂತ್ರಜ್ಞಾನದವರು, ಬಸ್ ವ್ಯಾಪಾರದ ಗಂಧವಿಲ್ಲದವರು. ಬಸ್ ಮಾಲೀಕರು, ಏಜೆಂಟರು, ಪ್ರಯಾಣಿಕರನ್ನು ಭೇಟಿಯಾಗಿ ಮಾತಾಡಿ, ಮಾಲೀಕರು ತಮ್ಮ ಸೀಟುಗಳ ಲೆಕ್ಕ ಇಟ್ಟುಕೊಳ್ಳಲು ಒಂದು ಸಾಫ್ಟ್‌ವೇರ್ ಬರೆದರು.

ಮಾಲೀಕರು ಅದರತ್ತ ಆಸಕ್ತಿ ತೋರಲಿಲ್ಲ.

ಅವರ ದೃಷ್ಟಿಯಿಂದ ನೋಡಿದರೆ ಇದು ಅರ್ಥವಾಗುತ್ತದೆ. ಖಾಲಿ ಸೀಟು ತುಂಬಿಸಿಕೊಡುವವರು ಅವರಿಗೆ ಬೇಕಿತ್ತು, ಕಂಪ್ಯೂಟರ್ ಅಲ್ಲ. ಅದನ್ನು ತಿಳಿದ ಗೆಳೆಯರು, ಕೆಲವು ಸೀಟು ಕೊಡಿ, ನಾವೇ ಮಾರುತ್ತೇವೆ ಎಂದರು. 2006ರಲ್ಲಿ ಹಾಗೆ ಮಾರಾಟ ಶುರುವಾಯಿತು. ಐಟಿ ಕಂಪನಿಗಳ ಎದುರು ನಿಂತು ಕಾರ್ಡ್ ಹಂಚಿ ಪ್ರಯಾಣಿಕರನ್ನು ಹುಡುಕಿದರು. ಸೀಟು ಮಾರಿ ನಂಬಿಕೆ ಗಳಿಸಿದ ಮೇಲೆ, ಮೊದಲು ಯಾರಿಗೂ ಬೇಡವಾಗಿದ್ದಂಥ ಸಾಫ್ಟ್‌ವೇರನ್ನು ಬಾಸ್ ಎಂಬ ಹೆಸರಿನಲ್ಲಿ ಬಸ್ ಮಾಲೀಕರಿಗೆ ಕೊಡಲು ಸಾಧ್ಯವಾಯಿತು. 2013ರಲ್ಲಿ ಐಬಿಬೊ ಸಮೂಹ ರೆಡ್‌ಬಸ್ಸನ್ನು ಕೊಂಡುಕೊಂಡಿತು. ಕನ್ನಡ ನಾಡಿನ ಊರೂರಿಗೆ ರಾತ್ರಿ ಬಸ್ ಹತ್ತುವವರು ಈಗ ಮಡಿವಾಳದಲ್ಲೋ ಆನಂದ ರಾವ್ ವೃತ್ತದಲ್ಲೋ ಏಜೆಂಟರ ಹಿಂದೆ ಅಲೆಯದೆ ಸೀಟು ಆರಿಸಿಕೊಳ್ಳುತ್ತಾರೆ. ಮೂವರು ಗೆಳೆಯರು ಮೊದಲ ಸಾಫ್ಟ್‌ವೇರಿನ ಮೇಲೆ ಹಟ ಹಿಡಿದು ಕೂತಿದ್ದರೆ ಇದು ಇಷ್ಟು ಬೇಗ ಆಗುತ್ತಿರಲಿಲ್ಲ ಎನ್ನಬಹುದು.

ಸೀಟನ್ನು ಕೈಯಾರೆ ಮಾರಿದ್ದು ಮುಖ್ಯವಾದ ಸಂಗತಿ. ತಂತ್ರಜ್ಞಾನ ಬಲ್ಲವರಿಗೆ ಇದು ಒಗ್ಗುವುದಿಲ್ಲ. ಎಲ್ಲವೂ ತಾನೇ ತಾನಾಗಿ ನಡೆಯುವ ವ್ಯವಸ್ಥೆ ಸಿದ್ಧವಾಗಲಿ, ಆಮೇಲೆ ಗ್ರಾಹಕರನ್ನು ಕರೆಯೋಣ ಎಂಬುದು ಅವರ ಮನಸ್ಸು. ಎಂವಿಪಿ ಎಂದು ಕರೆಯಲಾಗುವ ಮೊದಲ ಸಣ್ಣ ಉತ್ಪನ್ನ ಹೇಗಿರಬೇಕೆಂದು ತೋರಿಸಿದವರಲ್ಲಿ ನಿಕ್ ಸ್ವಿನ್‌ಮರ್ನ್ ಒಬ್ಬರು. 1999ರಲ್ಲಿ, ಜನ ಹಾಕಿ ನೋಡದೆಯೇ ಇಂಟರ್‌ನೆಟ್ಟಿನಲ್ಲಿ ಚಪ್ಪಲಿ ಕೊಳ್ಳುತ್ತಾರೆಯೇ ಎಂದು ತಿಳಿಯಲು ಅವರು ಗೋದಾಮು ಬಾಡಿಗೆಗೆ ಹಿಡಿಯಲಿಲ್ಲ. ಹತ್ತಿರದ ಅಂಗಡಿಗಳಿಗೆ ಹೋಗಿ ಷೂಗಳ ಫೋಟೊ ತೆಗೆದು ಹಾಕಿದರು. ಯಾರಾದರೂ ಕೊಂಡರೆ ಅದೇ ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟು ಕೊಂಡು ಕಳಿಸಿದರು. ಪ್ರತಿ ಜೋಡಿಯಲ್ಲೂ ನಷ್ಟ, ಆದರೆ ಪ್ರಶ್ನೆಗೆ ಖಚಿತ ಉತ್ತರ. ಹತ್ತು ವರ್ಷಗಳ ನಂತರ ಆ ಕಂಪನಿಯನ್ನು, ಅಂದರೆ ಜಾಪೋಸ್ ಅನ್ನು, ಅಮೆಜಾನ್ ಖರೀದಿಸಿತು. ಡ್ರಾಪ್‌ಬಾಕ್ಸ್‌ನ ಡ್ರೂ ಹ್ಯೂಸ್ಟನ್ 2008ರಲ್ಲಿ ಇನ್ನೂ ಎಲ್ಲರಿಗೂ ತೆರೆಯದ ತಮ್ಮ ತಂತ್ರಾಂಶ ಹೇಗೆ ಕೆಲಸ ಮಾಡುತ್ತದೆಂದು ಕೆಲವೇ ನಿಮಿಷಗಳ ವಿಡಿಯೊ ಮಾಡಿ ತೋರಿಸಿದರು. ಕಾಯುವವರ ಪಟ್ಟಿ ರಾತ್ರೋರಾತ್ರಿ 5,000ದಿಂದ 75,000ಕ್ಕೆ ಏರಿತು. ವಾರಕ್ಕೆ 200 ಡಾಲರ್ ಗಳಿಸುತ್ತ ಕುಂಟುತ್ತಿದ್ದ ಏರ್‌ಬಿಎನ್‌ಬಿಯ ಸ್ಥಾಪಕರು 2009ರಲ್ಲಿ ನ್ಯೂಯಾರ್ಕಿಗೆ ಹೋಗಿ, ಕ್ಯಾಮೆರಾ ಬಾಡಿಗೆಗೆ ಪಡೆದು, ಮನೆ ಮನೆ ಹತ್ತಿ ಫೋಟೊ ತೆಗೆದುಕೊಟ್ಟರು. ಅಲ್ಲಿಂದ ಗಳಿಕೆ ಇಮ್ಮಡಿಯಾಯಿತು.

ಹೀಗೆ ಕೈಯಾರೆ ಮಾಡಿದ ಕೆಲಸದಲ್ಲಿ ಸ್ಥಾಪಕರು ಗ್ರಾಹಕರ ಮುಖ ನೋಡುತ್ತಾರೆ. ಅಲ್ಲಿ ಏನು ಕೇಳಬೇಕು ಎಂಬುದೂ ಕಲಿಯಬೇಕಾದ ವಿದ್ಯೆ. ನಮ್ಮ ಆ್ಯಪ್ ಬಂದರೆ ಬಳಸುತ್ತೀರಾ ಎಂದು ಕೇಳಿದರೆ ಎದುರಿಗಿರುವವರು ಸೌಜನ್ಯಕ್ಕಾಗಿ ಹೌದು ಎನ್ನುತ್ತಾರೆ. ನಮ್ಮ ಜನರಲ್ಲಂತೂ ಮುಖದ ಮೇಲೆ ಬೇಡ ಎನ್ನುವವರು ವಿರಳ. ಅದಕ್ಕೇ ನಾಳೆಯ ಮಾತು ಬಿಟ್ಟು ನಿನ್ನೆಯದನ್ನು ಕೇಳಬೇಕು. ಅಡಿಕೆ ಒಣಗಿಸುವ ಯಂತ್ರ ಮಾಡಲು ಹೊರಟವರು ಶಿರಸಿಯ ತೋಟಗಾರರನ್ನು ಯಂತ್ರ ಬೇಕೇ ಎಂದು ಕೇಳುವುದಕ್ಕಿಂತ, ಕಳೆದ ಮಳೆಗಾಲದಲ್ಲಿ ಎಷ್ಟು ಅಡಿಕೆ ಕೆಟ್ಟಿತು, ಆಗ ಏನು ಮಾಡಿದಿರಿ, ಅದಕ್ಕೆ ಎಷ್ಟು ಖರ್ಚು ಮಾಡಿದಿರಿ ಎಂದು ಕೇಳಬೇಕು. ಈಗಾಗಲೇ ಯಾವುದೋ ಅರೆಬರೆ ಪರಿಹಾರಕ್ಕೆ ದುಡ್ಡು ಸುರಿದವರು ಸಿಕ್ಕರೆ ಅವರೇ ಮೊದಲ ಗ್ರಾಹಕರು. ಸಮಸ್ಯೆಯನ್ನು ಒಪ್ಪಿಕೊಂಡು, ಅದಕ್ಕಾಗಿ ಈವರೆಗೆ ಒಂದು ರೂಪಾಯಿಯನ್ನೂ ಒಂದು ಗಂಟೆಯನ್ನೂ ಕೊಡದವರು ಮುಂದೆ ಕೊಡುತ್ತಾರೆಂದು ನಂಬುವುದು ಕಷ್ಟ.

ಈ ವಿಧಾನ ಎಲ್ಲ ಕಡೆಯೂ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ರಕ್ತಪರೀಕ್ಷೆಯ ಯಂತ್ರವನ್ನು ಅರ್ಧ ಮಾಡಿ ರೋಗಿಗಳ ಮೇಲೆ ಬಳಸಿ ಕಲಿಯುವಂತಿಲ್ಲ. ಅಮೆರಿಕದ ಥೆರನೋಸ್ ಕಂಪನಿ ಸಿದ್ಧವಾಗದ ಯಂತ್ರದಿಂದ ನಿಜವಾದ ರೋಗಿಗಳಿಗೆ ವರದಿ ಕೊಟ್ಟಿತು, 2016ರಲ್ಲಿ ಎರಡು ವರ್ಷಗಳ ಫಲಿತಾಂಶಗಳನ್ನೇ ರದ್ದು ಮಾಡಬೇಕಾಯಿತು. ಜೀವ, ಸುರಕ್ಷತೆ, ಜನರ ಉಳಿತಾಯದ ಹಣ ಇರುವಲ್ಲಿ ಸಣ್ಣ ಪ್ರಯೋಗಕ್ಕೂ ಗಟ್ಟಿ ಬೇಲಿ ಬೇಕು.

ವರ್ಷಗಟ್ಟಲೆ ಎಂಜಿನಿಯರಿಂಗ್ ಬೇಡುವ ಉತ್ಪನ್ನಗಳಲ್ಲೂ ಪರೀಕ್ಷೆಯ ಸ್ವರೂಪ ಬೇರೆ. ಐಐಟಿ ಮದ್ರಾಸಿನ ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್ 2013ರಲ್ಲಿ ಏಥರ್ ಎನರ್ಜಿ ಸ್ಥಾಪಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಬ್ಯಾಟರಿ. ಆಗ ರಸ್ತೆಯಲ್ಲಿದ್ದ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಒಳ್ಳೆಯ ಬ್ಯಾಟರಿ ಕೊಡುವುದು ಯೋಜನೆ. ಸ್ಕೂಟರ್ ಕೊಂಡವರನ್ನು ಮಾತಾಡಿಸಿ ನೋಡಿದಾಗ ಬ್ಯಾಟರಿ ಬದಲಿಸಿ ಪ್ರಯೋಜನವಿಲ್ಲ, ಗಾಡಿಯೇ ಚೆನ್ನಾಗಿಲ್ಲ ಎಂಬುದು ಗೊತ್ತಾಯಿತು. ಹಾಗಾಗಿ ಪೂರ್ತಿ ಸ್ಕೂಟರನ್ನೇ ಮಾಡುವ ನಿರ್ಧಾರ. ಅದನ್ನು ಬೆಂಗಳೂರಿನಲ್ಲಿ 2016ರ ಫೆಬ್ರುವರಿಯಲ್ಲಿ ಪ್ರದರ್ಶಿಸಿದರು, ಗ್ರಾಹಕರ ಕೈಗೆ ಕೊಡಲು 2018 ಬಂತು. ಬ್ರೇಕ್ ಅರ್ಧ ಹಿಡಿಯುವ ಸ್ಕೂಟರನ್ನು ಯಾರೂ ಬೀದಿಗೆ ಬಿಡಲಾಗದು. ಆ ಐದು ವರ್ಷ ನ್ಯಾಯವಾಗಿಯೇ ಬೇಕಿತ್ತು. ಆದರೂ ಎಲ್ಲಕ್ಕಿಂತ ದೊಡ್ಡ ತೀರ್ಮಾನ, ಬ್ಯಾಟರಿಯೋ ಗಾಡಿಯೋ ಎಂಬುದು, ಕಾರ್ಖಾನೆಗೆ ಹಣ ಹಾಕುವ ಬಹಳ ಮೊದಲೇ ಮಾತುಕತೆಯಲ್ಲಿ ಇತ್ಯರ್ಥವಾಯಿತು.

ಬೆಳೆಸುವುದು ಯಾವಾಗ ಎಂಬ ಪ್ರಶ್ನೆ ಕೊನೆಗೆ ಎಲ್ಲರಿಗೂ ಎದುರಾಗುತ್ತದೆ. ಸ್ವಿಗ್ಗಿಯ ಸ್ಥಾಪಕರು ಅದಕ್ಕೆ ಮೊದಲು ಬಂಡಲ್ ಎಂಬ ಸರಕು ಸಾಗಣೆ ಸೇವೆ ನಡೆಸಿ, ಆಗದೆಂದು ಮುಚ್ಚಿದ್ದರು. 2014ರಲ್ಲಿ ಊಟ ತಲುಪಿಸಲು ಹೊರಟಾಗ ಇಡೀ ಬೆಂಗಳೂರನ್ನು ಹಿಡಿಯಲಿಲ್ಲ, ಕೋರಮಂಗಲದಿಂದ ಶುರು ಮಾಡಿದರು. ಒಂದು ಬಡಾವಣೆಯಲ್ಲಿ ಊಟ ಎಷ್ಟು ನಿಮಿಷಕ್ಕೆ ತಲುಪುತ್ತದೆ, ಒಬ್ಬ ಹುಡುಗ ಎಷ್ಟು ಆರ್ಡರ್ ಮುಟ್ಟಿಸಬಲ್ಲ, ತಿಂದವರು ವಾರದಲ್ಲಿ ಎಷ್ಟು ಸಲ ತರಿಸುತ್ತಾರೆ ಎಂಬುದು ಕೈಗೆ ಸಿಕ್ಕಿದರೆ ಎರಡನೇ ಬಡಾವಣೆಗೆ ಹಾಕುವ ಹಣ ಜೂಜಾಗುವುದಿಲ್ಲ. ವೆಬ್‌ವ್ಯಾನ್‌ಗೆ ಸಿಕ್ಕದೇ ಹೋದದ್ದು ಇದೇ ತಿಳಿವಳಿಕೆ. ಸಿಕ್ಕ ಮೇಲೂ ಹೆದರಿ ಕೂರುವುದು ಇನ್ನೊಂದು ತಪ್ಪು: ಗ್ರಾಹಕರು ಮರಳಿ ಬರುತ್ತಿದ್ದಾರೆ, ಪ್ರತಿ ಆರ್ಡರ್‌ನಲ್ಲಿ ನಾಲ್ಕು ಕಾಸು ಉಳಿಯುತ್ತಿದೆ ಎಂದಾದರೆ ಆಗ ಧೈರ್ಯವಾಗಿ ಖರ್ಚು ಮಾಡಬೇಕು. ಶೇರು ದಲ್ಲಾಳಿ ವ್ಯವಹಾರದ ಝೆರೋಧಾವನ್ನು ಶಿವಮೊಗ್ಗ ಮೂಲದ ನಿತಿನ್ ಕಾಮತ್ 2010ರಲ್ಲಿ ಶುರು ಮಾಡಿ, ಹೊರಗಿನ ಹೂಡಿಕೆ ಇಲ್ಲದೆ ಗಳಿಕೆಯಿಂದಲೇ ಬೆಳೆಸಿದರು. ಆ ದಾರಿ ಎಲ್ಲ ವ್ಯಾಪಾರಕ್ಕೂ ತೆರೆದಿರುವುದಿಲ್ಲ. ತೆರೆದಿರುವಲ್ಲಿ ಅದಕ್ಕಿಂತ ನೆಮ್ಮದಿಯ ದಾರಿ ಬೇರೊಂದಿಲ್ಲ.

ಕರ್ನಾಟಕ ಸರ್ಕಾರ ಎಲಿವೇಟ್ ಯೋಜನೆಯಡಿ ಆಯ್ದ ಹೊಸ ಕಂಪನಿಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತಿದೆ. ಹುಬ್ಬಳ್ಳಿ, ಮೈಸೂರು, ಮಂಗಳೂರು, ಕಲಬುರಗಿಯ ಕಾಲೇಜುಗಳಲ್ಲಿ ಸ್ಟಾರ್ಟಪ್ ಸ್ಪರ್ಧೆಗಳು ನಡೆಯುತ್ತಲೇ ಇರುತ್ತವೆ. ಇಂಥ ಕಡೆಗಳಲ್ಲಿ ಯುವಕರು ಐದು ವರ್ಷದ ಆದಾಯದ ಅಂದಾಜು ಪಟ್ಟಿ ತಯಾರಿಸಲು ವಾರಗಟ್ಟಲೆ ಕೂರುತ್ತಾರೆ. ಒಬ್ಬ ಗ್ರಾಹಕರನ್ನೂ ಕಾಣದವರು ಬರೆದ ಐದನೇ ವರ್ಷದ ಅಂಕಿ ತೀರ್ಪುಗಾರರಿಗೆ ಏನನ್ನೂ ತಿಳಿಸಲಾರದು. ಅದರ ಬದಲು ಮೊದಲ ಇಪ್ಪತ್ತು ಗ್ರಾಹಕರ ದಿನಚರಿಯನ್ನು ಕೇಳಲಿ: ಯಾರು ಕೊಂಡರು, ಎಷ್ಟು ಕೊಟ್ಟರು, ಯಾರು ಮರಳಿ ಬಂದರು, ಬಾರದವರು ಏನು ಹೇಳಿದರು, ಅದನ್ನು ಕೇಳಿ ತಂಡ ಏನನ್ನು ಬದಲಿಸಿತು. ಕಲಬುರಗಿಯ ಹುಡುಗಿಯೊಬ್ಬಳು ರೊಟ್ಟಿ ಕೇಂದ್ರಗಳಿಗಾಗಿ ಆ್ಯಪ್ ಮಾಡುತ್ತಿದ್ದರೆ, ಮೊದಲ ತಿಂಗಳು ಫೋನಿನಲ್ಲೇ ಆರ್ಡರ್ ಬರೆದುಕೊಂಡು ತಾನೇ ರೊಟ್ಟಿ ತಲುಪಿಸಿದ ನೋಟ್‌ಬುಕ್ ಅವಳ ಅರ್ಜಿಯ ಜೊತೆ ಲಗತ್ತಾಗಲಿ, ಅಂಕಗಳಲ್ಲಿ ದೊಡ್ಡ ಪಾಲು ಆ ನೋಟ್‌ಬುಕ್ಕಿಗೆ ಸಲ್ಲಲಿ.